ಹಲ್ಲಿರೋ ದವಡೆ ಯಾರದ್ದು? ಇಕ್ಥಿಯೋರ್ನಿಸ್ ಪ್ರಕರಣ

ಹಕ್ಕಿಗಳ ವಿಕಾಸ ಅಂದ ತಕ್ಷಣ ಎಲ್ರೂ ಆರ್ಕಿಯಾಪ್ಟೆರಿಕ್ಸ್ ಹೆಸರು ಹೇಳ್ತಾರೆ, ಪಠ್ಯಪುಸ್ತಕದಲ್ಲೂ ಅದರದ್ದೇ ಚಿತ್ರ ಇರೋದು. ತಪ್ಪೇನಿಲ್ಲ. ಆದ್ರೆ ಅದು ಬದುಕಿದ್ದು ಸುಮಾರು 15 ಕೋಟಿ ವರ್ಷದ ಹಿಂದೆ, ಉದ್ದ ಮೂಳೆಬಾಲ, ಕೈಯಲ್ಲಿ ಉಗುರು, ಬಾಯಲ್ಲಿ ಹಲ್ಲು, ಪುಕ್ಕ ಬಿಟ್ರೆ ಹೆಚ್ಚುಕಮ್ಮಿ ಸಣ್ಣ ಡೈನೋಸಾರೇ. ಅಲ್ಲಿಂದ ಇವತ್ತಿನ ಕಾಗೆ ಕೋಳಿವರೆಗೆ ಬರೋ ದಾರಿ ತುಂಬಾ ಉದ್ದ ಇದೆ, ಆ ದಾರಿಯ ಕೊನೆ ಭಾಗ ಹೇಗಿತ್ತು ಅಂತ ನೋಡ್ಬೇಕಂದ್ರೆ ಬೇರೆ ಹಕ್ಕಿ ಬೇಕು. ಆ ಹಕ್ಕಿ ಇಕ್ಥಿಯೋರ್ನಿಸ್. ಅದರ ಕತೆ ಇಲ್ಲಿ ಪೂರ್ತಿ ಬರೀತೀನಿ, ಯಾಕಂದ್ರೆ ನನಗೆ ಇದು ಬರೀ ಒಂದು ಹಕ್ಕಿಯ ಕತೆ ಅನ್ಸಲ್ಲ. ಒಂದೇ ಪ್ರಾಣಿಯ ಮೈ ಹೊಸಕಾಲದ್ದು, ತಲೆ ಹಳೇಕಾಲದ್ದು ಆಗಿದ್ದಾಗ ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಅದನ್ನ ಒಂದೇ ಪ್ರಾಣಿ ಅಂತ ಒಪ್ಪೋಕೆ ಎಷ್ಟು ಕಷ್ಟ ಆಯ್ತು ಅನ್ನೋದು ಇದರಲ್ಲಿದೆ, ಅದೂ ಒಂದ್ಸಲ ಅಲ್ಲ ಎರಡು ಸಲ.

ಜಾಗ ಅಮೆರಿಕಾದ ಕಾನ್ಸಾಸ್. ಈಗ ಅಲ್ಲಿ ನೋಡಿದ್ರೆ ಗೋಧಿ ಹೊಲ, ಹುಲ್ಲುಗಾವಲು, ಸಮುದ್ರಕ್ಕೆ ಹೋಗ್ಬೇಕಂದ್ರೆ ಯಾವ ಕಡೆ ಹೋದ್ರೂ ಸಾವಿರ ಕಿಲೋಮೀಟರ್ ಲೆಕ್ಕ. ಆದ್ರೆ ಡೈನೋಸಾರ್ ಯುಗದ ಕೊನೆ ಭಾಗವಾದ ಕ್ರಿಟೇಷಿಯಸ್ ಕಾಲದಲ್ಲಿ ಉತ್ತರ ಅಮೆರಿಕಾ ಖಂಡವನ್ನ ಮಧ್ಯದಲ್ಲಿ ಸೀಳಿಕೊಂಡು ಆರ್ಕ್ಟಿಕ್‌ನಿಂದ ಮೆಕ್ಸಿಕೋ ಕೊಲ್ಲಿವರೆಗೆ ಒಂದು ಒಳಸಮುದ್ರ ಇತ್ತು, ಕಾನ್ಸಾಸ್ ಆ ನೀರಿನಡಿ. ಅದರ ತಳದಲ್ಲಿ ಕಣ್ಣಿಗೆ ಕಾಣದ ಪಾಚಿಗಳ ಸುಣ್ಣದ ಚಿಪ್ಪು ಲಕ್ಷಾಂತರ ವರ್ಷ ಬಿದ್ದು ಬಿದ್ದು ಪದರ ಆಗಿ ಸೀಮೆಸುಣ್ಣದ ಕಲ್ಲಾಯ್ತು, ಅದನ್ನ ನಯೋಬ್ರಾರಾ ಚಾಕ್ ಅಂತಾರೆ. ಆ ಕಲ್ಲಲ್ಲಿ ಮೋಸಾಸಾರ್ ಅನ್ನೋ ದೈತ್ಯ ಸಮುದ್ರ ಹಲ್ಲಿಗಳು ಸಿಗ್ತವೆ, ಟೆರನೋಡಾನ್ ಅನ್ನೋ ಹಾರುವ ಸರೀಸೃಪ ಸಿಗುತ್ತೆ, ದೊಡ್ಡ ದೊಡ್ಡ ಮೀನು ಸಿಗ್ತವೆ, ಅಪರೂಪಕ್ಕೆ ಹಕ್ಕಿ. ಅಪರೂಪ ಯಾಕಂದ್ರೆ ಹಕ್ಕಿ ಮೂಳೆ ಟೊಳ್ಳು, ತೆಳು, ನೀರಿಗೆ ಬಿದ್ದ ಹೆಣವನ್ನ ಮೀನುಗಳು ಚಿಂದಿ ಮಾಡಿಬಿಡ್ತವೆ, ಉಳಿದದ್ದು ಮೇಲಿನ ಕಲ್ಲಿನ ಭಾರಕ್ಕೆ ಚಪ್ಪಟೆ ಆಗಿಹೋಗುತ್ತೆ.

1872ರಲ್ಲಿ ಕಾನ್ಸಾಸ್‌ನ ಕೃಷಿ ಕಾಲೇಜಿನ ಪ್ರೊಫೆಸರ್ ಬೆಂಜಮಿನ್ ಮಜ್ ಅನ್ನೋರಿಗೆ ಈ ಸೀಮೆಸುಣ್ಣದ ಕಲ್ಲಲ್ಲಿ ಒಂದು ಸಣ್ಣ ಹಕ್ಕಿಯ ಮೂಳೆಗಳು ಸಿಕ್ಕಿದ್ವು, ಜೊತೆಗೆ ಹಲ್ಲಿರೋ ಸಣ್ಣ ದವಡೆ ತುಂಡುಗಳು. ಆ ಕಾಲಕ್ಕೆ ಅಮೆರಿಕಾದಲ್ಲಿ ಪಳೆಯುಳಿಕೆ ಗುರುತಿಸೋಕೆ ಇಬ್ಬರು ಘಟಾನುಘಟಿಗಳು, ಫಿಲಡೆಲ್ಫಿಯಾದ ಎಡ್ವರ್ಡ್ ಕೋಪ್, ಯೇಲ್ ವಿಶ್ವವಿದ್ಯಾಲಯದ ಓಥ್ನಿಯಲ್ ಮಾರ್ಷ್, ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಯಾರು ಮೊದಲು ಹೆಸರಿಡ್ತಾರೆ ಅನ್ನೋ ಜಿದ್ದಿನಲ್ಲಿ ಒಬ್ಬರ ಆಳುಗಳನ್ನ ಇನ್ನೊಬ್ಬರು ಸೆಳೆಯೋದು, ಅವಸರದಲ್ಲಿ ಪ್ರಬಂಧ ಹಾಕೋದು, ಎಲ್ಲಾ ನಡೀತಿತ್ತು. ಮಜ್ ಅದುವರೆಗೂ ಕೋಪ್‌ಗೆ ಮಾದರಿ ಕಳಿಸ್ತಿದ್ರಂತೆ, ಈ ಹಕ್ಕಿಯ ಪೆಟ್ಟಿಗೆ ಮೇಲೂ ಕೋಪ್ ವಿಳಾಸ ಬರೆದಾಗಿತ್ತಂತೆ, ಅಷ್ಟರಲ್ಲಿ ಮಾರ್ಷ್ ಕಾಗದ ಬಂತು ನಿಮ್ಮ ಮಾದರಿಗಳನ್ನ ನಾನು ಗುರುತಿಸಿ ಕೊಡ್ತೀನಿ ಅಂತ, ಮಜ್ ವಿಳಾಸ ಬದಲಾಯಿಸಿ ಪೆಟ್ಟಿಗೆಯನ್ನ ಯೇಲ್‌ಗೆ ಕಳಿಸಿದ್ರು ಅನ್ನೋ ಕತೆ ಆಮೇಲೆ ಅವರ ಬಳಗದಲ್ಲೇ ಹೇಳ್ತಾ ಬಂದ್ರು. ಏನೇ ಇರ್ಲಿ, ಮೂಳೆ ಮಾರ್ಷ್ ಕೈಗೆ ಸೇರ್ತು.

ಇಲ್ಲಿಂದ ಪ್ರಕರಣ ಶುರು. ಮಾರ್ಷ್ ಮುಂದೆ ಇದ್ದದ್ದು ಎರಡು ತರದ ಮೂಳೆ. ಒಂದು ಕಡೆ ರೆಕ್ಕೆ ಮೂಳೆ, ಎದೆಮೂಳೆ, ಕಾಲು, ಬೆನ್ನುಮೂಳೆ. ಎದೆಮೂಳೆಯಲ್ಲಿ ಹಾರಾಟದ ಸ್ನಾಯು ಅಂಟಿಕೊಳ್ಳೋ ಎತ್ತರದ ಏಣು ಇದೆ, ಕೈಯ ಮೂಳೆಗಳು ಬೆಸೆದುಕೊಂಡಿವೆ, ಅಂದ್ರೆ ಇದು ಚೆನ್ನಾಗಿ ಹಾರೋ ಹಕ್ಕಿ ಅನ್ನೋದ್ರಲ್ಲಿ ಅನುಮಾನ ಇಲ್ಲ. ಬೆನ್ನುಮೂಳೆಯಲ್ಲಿ ಮಾತ್ರ ಒಂದು ವಿಚಿತ್ರ, ಪ್ರತಿ ಮಣಿಯ ಎರಡೂ ಮುಖ ಮೀನಿನ ಬೆನ್ನುಮೂಳೆ ತರ ಒಳಕ್ಕೆ ಗುಳಿಬಿದ್ದಿವೆ, ಅದಕ್ಕೇ ಮೀನುಹಕ್ಕಿ ಅನ್ನೋ ಅರ್ಥ ಬರೋ ಹಾಗೆ ಇಕ್ಥಿಯೋರ್ನಿಸ್ ಡಿಸ್ಪಾರ್ ಅಂತ ಹೆಸರಿಟ್ರು. ಇನ್ನೊಂದು ಕಡೆ ಅದೇ ಕಲ್ಲಿನ ತುಂಡಲ್ಲಿದ್ದ ಕೆಳದವಡೆ, ತುಂಬಾ ಚಿಕ್ಕದು, ಅದರಲ್ಲಿ ಗುಳಿ ಗುಳಿಯಾಗಿ ಕೂತಿರೋ ಚೂಪು ಹಲ್ಲುಗಳು, ತುದಿ ಹಿಂದಕ್ಕೆ ಬಾಗಿವೆ. ಹಕ್ಕಿಗೆ ಹಲ್ಲಾ? ಮಾರ್ಷ್ ಇದನ್ನ ಹಕ್ಕಿ ಪಕ್ಕ ಸತ್ತುಬಿದ್ದ ಯಾವುದೋ ಸಣ್ಣ ಸಮುದ್ರ ಸರೀಸೃಪದ ದವಡೆ ಅಂದುಕೊಂಡು ಅದೇ ವರ್ಷ ಅದಕ್ಕೆ ಬೇರೆಯೇ ಹೆಸರಿಟ್ರು, ಕೊಲೊನೋಸಾರಸ್ ಮಜಿ ಅಂತ. ಒಂದು ಹಕ್ಕಿ ಎರಡು ಪ್ರಾಣಿ ಆಯ್ತು.

ಆದ್ರೆ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಕಲ್ಲನ್ನ ಇನ್ನೂ ಬಿಡಿಸ್ತಾ ಹೋದಾಗ ತಲೆಬುರುಡೆ ಭಾಗ ಬಂತು, ಎರಡೂ ದವಡೆಗಳ ಇನ್ನಷ್ಟು ತುಂಡು ಬಂದ್ವು, ಎಲ್ಲಾ ಒಂದಕ್ಕೊಂದು ಹೊಂದಿಕೊಳ್ತಿದ್ವು. 1873ರ ಶುರುವಿನಲ್ಲೇ ಮಾರ್ಷ್ ಹೊಸ ಪ್ರಬಂಧ ಹಾಕಿ ದವಡೆ ಹಕ್ಕಿಯದ್ದೇ ಅಂತ ಹೇಳಿದ್ರು. ಅದರಲ್ಲಿ ಒಂದು ಮಾತು ನನಗೆ ತುಂಬಾ ಹಿಡಿಸುತ್ತೆ, ಇವೆರಡೂ ಒಂದೇ ಪ್ರಾಣಿಯದ್ದು ಇರಬಹುದು ಅನ್ನೋ ಯೋಚನೆ ಮೊದಲ ಸಲವೇ ಬಂದಿತ್ತು, ಆದ್ರೆ ಅದನ್ನ ಬರೆದಿಡುವಷ್ಟು ಗಟ್ಟಿ ಅನ್ನಿಸಲಿಲ್ಲ ಅಂತ ಅವರೇ ಹೇಳ್ಕೊಂಡಿದ್ದಾರೆ. ಅಂದ್ರೆ ಸಾಕ್ಷಿ ಮೇಜಿನ ಮೇಲೇ ಇತ್ತು. ಅಡ್ಡ ಬಂದದ್ದು ಹಕ್ಕಿ ಅಂದ್ರೆ ಹೀಗೇ ಇರ್ಬೇಕು ಅನ್ನೋ ಚಿತ್ರ.

ಆ ಕಾಲದ ಪರಿಸ್ಥಿತಿ ನೋಡಿದ್ರೆ ಮಾರ್ಷ್ ಹಿಂಜರಿದದ್ದು ಅರ್ಥ ಆಗುತ್ತೆ. ಡಾರ್ವಿನ್ ಪುಸ್ತಕ ಬಂದು ಹದಿನಾಲ್ಕು ವರ್ಷ ಅಷ್ಟೇ ಆಗಿತ್ತು. ಆರ್ಕಿಯಾಪ್ಟೆರಿಕ್ಸ್ 1861ರಲ್ಲೇ ಜರ್ಮನಿಯಲ್ಲಿ ಸಿಕ್ಕಿದ್ರೂ ಲಂಡನ್‌ಗೆ ಹೋದ ಆ ಮಾದರಿಯಲ್ಲಿ ತಲೆ ಸರಿಯಾಗಿ ಉಳಿದಿರಲಿಲ್ಲ, ಅದರಲ್ಲಿದ್ದ ದವಡೆ ಚೂರು ಅದರದ್ದೇ ಹೌದಾ ಅಲ್ವಾ ಅಂತ ವಾದ ನಡೀತಿತ್ತು. ಹಲ್ಲು ಸ್ಪಷ್ಟವಾಗಿ ಕಾಣೋ ಬರ್ಲಿನ್ ಮಾದರಿ ಬೆಳಕಿಗೆ ಬಂದದ್ದು 1870ರ ದಶಕದ ಕೊನೆಯಲ್ಲಿ. ಹಾಗಾಗಿ ಹಲ್ಲಿರೋ ಹಕ್ಕಿ ಅನ್ನೋದು ಆಗ ನಿಜವಾಗ್ಲೂ ಸಿಡಿಲು ಬಡಿದ ಹಾಗಿನ ಸುದ್ದಿ. ಅದೇ ಹೊತ್ತಿಗೆ ಕಾನ್ಸಾಸ್‌ನಿಂದಲೇ ಹೆಸ್ಪರೋರ್ನಿಸ್ ಅನ್ನೋ ಇನ್ನೊಂದು ಹಕ್ಕಿ ಸಿಕ್ಕಿತ್ತು, ಆಳೆತ್ತರದ್ದು, ರೆಕ್ಕೆ ಸವೆದುಹೋಗಿ ಬರೀ ಈಜೋದು, ಅದಕ್ಕೂ ಹಲ್ಲು. ಇವೆರಡನ್ನೂ ಸೇರಿಸಿ ಮಾರ್ಷ್ 1880ರಲ್ಲಿ ದೊಡ್ಡ ಸಚಿತ್ರ ಗ್ರಂಥ ತಂದ್ರು, ಒಂದು ಪ್ರತಿ ಡಾರ್ವಿನ್‌ಗೂ ಹೋಯ್ತು. ಆ ವರ್ಷ ಆಗಸ್ಟ್ 31ಕ್ಕೆ ಡಾರ್ವಿನ್ ಮಾರ್ಷ್‌ಗೆ ಬರೆದ ಪತ್ರದಲ್ಲಿ, ಈ ಹಳೇ ಹಕ್ಕಿಗಳ ಮೇಲೆ ಮತ್ತು ಉತ್ತರ ಅಮೆರಿಕಾದ ಪಳೆಯುಳಿಕೆಗಳ ಮೇಲೆ ನೀವು ಮಾಡಿದ ಕೆಲಸ ಕಳೆದ ಇಪ್ಪತ್ತು ವರ್ಷದಲ್ಲಿ ವಿಕಾಸವಾದಕ್ಕೆ ಸಿಕ್ಕಿರೋ ಅತ್ಯುತ್ತಮ ಬೆಂಬಲ ಅಂತ ಹೇಳಿದ್ರು.

ಅದೇ ಗ್ರಂಥ ಮಾರ್ಷ್‌ಗೆ ಮುಳುವೂ ಆಯ್ತು. ಅದು ಅಚ್ಚಾಗಿದ್ದು ಸರ್ಕಾರಿ ಭೂಸಮೀಕ್ಷೆಯ ಸಂಪುಟವಾಗಿ, ಸರ್ಕಾರದ ದುಡ್ಡಲ್ಲಿ. 1892ರಲ್ಲಿ ಅಮೆರಿಕಾ ಕಾಂಗ್ರೆಸ್‌ನಲ್ಲಿ ಖರ್ಚು ಕಡಿತದ ಚರ್ಚೆ ಬಂದಾಗ ಅಲಬಾಮಾದ ಹಿಲರಿ ಹರ್ಬರ್ಟ್ ಜನರ ತೆರಿಗೆ ಹಣ ಹಲ್ಲಿರೋ ಹಕ್ಕಿಗಳಿಗೆ ಸುರೀತಿದ್ದಾರೆ ಅಂತ ಇದನ್ನೇ ಎತ್ತಿಹಿಡಿದು ಗೇಲಿ ಮಾಡಿದ್ರು, ಭೂಸಮೀಕ್ಷೆಯ ಪಳೆಯುಳಿಕೆ ವಿಭಾಗಕ್ಕೆ ಹಣ ಕಡಿತ ಆಯ್ತು, ಮಾರ್ಷ್ ಅಲ್ಲಿನ ಹುದ್ದೆ ಬಿಡಬೇಕಾಯ್ತು. ಮೂಲ ವಿಜ್ಞಾನಕ್ಕೆ ಖರ್ಚು ಮಾಡೋದನ್ನ ಒಂದು ತಮಾಷೆ ಮಾತಲ್ಲಿ ಹೊಡೆದುಹಾಕೋದು ಎಷ್ಟು ಸುಲಭ ಅಂತ ನೋಡಿ, ಡಾರ್ವಿನ್ ಹೊಗಳಿದ ಕೆಲಸವೇ ಅಲ್ಲಿ ದಂಡದ ಖರ್ಚು ಆಗಿಬಿಡ್ತು.

ಇನ್ನು ಎರಡನೇ ಸಲ ಹಕ್ಕಿ ತುಂಡಾದದ್ದು 1952ರಲ್ಲಿ. ಜೋಸೆಫ್ ಗ್ರೆಗರಿ ಅನ್ನೋ ವಿಜ್ಞಾನಿ ಆ ದವಡೆಗಳನ್ನ ಮತ್ತೆ ಕೈಗೆತ್ತಿಕೊಂಡು ಇಕ್ಥಿಯೋರ್ನಿಸ್ ದವಡೆ ಹಕ್ಕಿಯದ್ದಲ್ಲ, ಮರಿ ಮೋಸಾಸಾರ್‌ದು ಅಂತ ಬರೆದ್ರು. ಸುಮ್ನೆ ಬಾಯಿಗೆ ಬಂದದ್ದಲ್ಲ ಇದು, ವಾದಕ್ಕೆ ಬುಡ ಇತ್ತು. ಮೋಸಾಸಾರ್‌ಗಳ ಕೆಳದವಡೆ ಮಧ್ಯದಲ್ಲಿ ಒಂದು ಕೀಲು ಇರುತ್ತೆ, ದೊಡ್ಡ ಬೇಟೆ ನುಂಗುವಾಗ ದವಡೆ ಅಲ್ಲಿ ಸ್ವಲ್ಪ ಬಾಗುತ್ತೆ, ಅಂಥದ್ದೇ ಜೋಡಣೆ ಈ ಸಣ್ಣ ದವಡೆಯಲ್ಲೂ ಕಾಣ್ತಿತ್ತು, ಹಲ್ಲಿನ ರೂಪವೂ ಹೋಲ್ತಿತ್ತು, ಮೋಸಾಸಾರ್ ಅದೇ ಕಲ್ಲಲ್ಲಿ ರಾಶಿ ರಾಶಿ ಸಿಗೋ ಪ್ರಾಣಿ ಬೇರೆ. ಸಾಲದ್ದಕ್ಕೆ ಎಲ್ಲಾ ಚಪ್ಪಟೆ ಆದ ತುಂಡು ತುಂಡು ಮೂಳೆ. ಹಾಗಾಗಿ ಕೆಲವು ದಶಕ ಇಕ್ಥಿಯೋರ್ನಿಸ್‌ಗೆ ಹಲ್ಲಿತ್ತು ಅನ್ನೋದೇ ಅನುಮಾನದ ಮಾತಾಗಿಹೋಯ್ತು. ಆಮೇಲೆ 1977ರಲ್ಲಿ ಲ್ಯಾರಿ ಮಾರ್ಟಿನ್ ಮತ್ತು ಜೆ ಡಿ ಸ್ಟೂವರ್ಟ್ ಕಾನ್ಸಾಸ್‌ನ ಹೊಸ ಮಾದರಿ ತೋರಿಸಿ ಹಲ್ಲು ಹಕ್ಕಿಯದ್ದೇ ಅಂತ ಸಾಬೀತು ಮಾಡಿದ್ರು. ಅಂದ್ರೆ ದವಡೆ ಮತ್ತೆ ತನ್ನ ಒಡೆಯನಿಗೆ ಸೇರೋಕೆ ಇಪ್ಪತ್ತೈದು ವರ್ಷ ಹಿಡೀತು.

ಮಾರ್ಷ್ ಮಾದರಿ ಮಾತ್ರ ಅಷ್ಟು ವರ್ಷವೂ ಯೇಲ್‌ನ ಪೀಬಾಡಿ ಮ್ಯೂಸಿಯಂನಲ್ಲೇ ಇತ್ತು. ಪ್ರದರ್ಶನಕ್ಕೆ ಅಂತ ಆ ಸಂಗ್ರಹದ ಮೂಳೆಗಳನ್ನ ಪ್ಲಾಸ್ಟರ್ ಹಲಗೆಯಲ್ಲಿ ಕೂರಿಸಿಬಿಟ್ಟಿದ್ರು, ನೋಡೋಕೆ ಚೆಂದ, ಅಧ್ಯಯನಕ್ಕೆ ತೊಂದ್ರೆ, ಮೂಳೆಯ ಒಂದು ಮುಖ ಮಾತ್ರ ಕಾಣುತ್ತೆ. ಕೊನೆಗೆ ಅವನ್ನ ಬಿಡಿಸಿ ತೆಗೆದ ಮೇಲೆ ಜೂಲಿಯಾ ಕ್ಲಾರ್ಕ್ ಒಂದೊಂದೇ ಮೂಳೆ ನೋಡಿ 2004ರಲ್ಲಿ ದೊಡ್ಡ ವಿವರಣೆ ಪ್ರಕಟಿಸಿದ್ರು, ಅಲ್ಲಿವರೆಗೆ ಬೇರೆ ಬೇರೆ ಹೆಸರಲ್ಲಿ ಇದ್ದ ಎಷ್ಟೋ ಜಾತಿಗಳು ಅಸಲಿಗೆ ಒಂದೇ ಡಿಸ್ಪಾರ್ ಅಂತ ತೋರಿಸಿದ್ರು. ಇವತ್ತು ಯಾರೇ ಇಕ್ಥಿಯೋರ್ನಿಸ್ ಬಗ್ಗೆ ಬರೆದ್ರೂ ಅಲ್ಲಿಂದಲೇ ಶುರು ಮಾಡ್ಬೇಕು. ಇಂಥ ಕೆಲಸಕ್ಕೆ ಪತ್ರಿಕೆಯಲ್ಲಿ ಸುದ್ದಿ ಬರಲ್ಲ, ಆದ್ರೆ ಇದಿಲ್ಲದೆ ಮುಂದಿನದ್ದು ಯಾವುದೂ ಆಗ್ತಿರಲಿಲ್ಲ.

ಮುಂದಿನದ್ದು ಅಂದ್ರೆ ತಲೆ. 2014ರಲ್ಲಿ ಕಾನ್ಸಾಸ್‌ನಲ್ಲಿ ಇನ್ನೊಂದು ಇಕ್ಥಿಯೋರ್ನಿಸ್ ಸಿಕ್ತು, ಈ ಸಲ ಬುರುಡೆ ಅಷ್ಟಾಗಿ ಚಪ್ಪಟೆ ಆಗದೆ ಮೂರು ಆಯಾಮದಲ್ಲೇ ಉಳಿದಿತ್ತು. ಹಳೇ ಕಾಲದ ಹಾಗೆ ಸೂಜಿ ಹಿಡಿದು ಕಲ್ಲು ಕೆರೆಯೋ ಬದಲು ಕಲ್ಲಿನ ಸಮೇತ ಸಿಟಿ ಸ್ಕ್ಯಾನ್ ಮಾಡಿದ್ರು, ಆಮೇಲೆ ಕಂಪ್ಯೂಟರ್‌ನಲ್ಲಿ ಒಂದೊಂದು ಮೂಳೆಯನ್ನೂ ಕಲ್ಲಿಂದ ಬಿಡಿಸಿ, ಕಾನ್ಸಾಸ್ ಮತ್ತು ಅಲಬಾಮಾದ ಬೇರೆ ಮಾದರಿಗಳ ಜೊತೆ ಸೇರಿಸಿ ಪೂರ್ತಿ ತಲೆ ಕಟ್ಟಿದ್ರು. ಮಜ್ ಕಳಿಸಿದ್ದ ಮೂಲ ಮಾದರಿಯಲ್ಲೇ ಅಷ್ಟು ದಿನ ಯಾರ ಕಣ್ಣಿಗೂ ಬೀಳದ ಎರಡು ತಲೆಮೂಳೆ ತುಂಡುಗಳೂ ಆಗ ಸಿಕ್ಕಿದ್ವು. ಡೇನಿಯಲ್ ಫೀಲ್ಡ್, ಭಾರ್ಟ್-ಅಂಜನ್ ಭುಲ್ಲರ್ ಮತ್ತು ಜೊತೆಗಾರರು ಇದನ್ನ 2018ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ರು.

ಈ ತಲೆಯನ್ನ ಸ್ವಲ್ಪ ನಿಧಾನವಾಗಿ ನೋಡ್ಬೇಕು. ಮೂತಿಯ ಮುಂತುದಿಯಿಂದ ಶುರು ಮಾಡಿದ್ರೆ ಅಲ್ಲಿ ಹಲ್ಲಿಲ್ಲ, ಮೇಲ್ದವಡೆಯ ತುದಿಮೂಳೆ ಬೋಳು, ಅದರ ಮೇಲೆ ಇವತ್ತಿನ ಹಕ್ಕಿಗಳ ಹಾಗೆ ಕೆರಟಿನ್ ಕವಚ ಇತ್ತು, ಅಂದ್ರೆ ಕೊಕ್ಕು. ಆದ್ರೆ ತುದಿಯಲ್ಲಿ ಮಾತ್ರ. ಅಲ್ಲಿಂದ ಸ್ವಲ್ಪ ಹಿಂದೆ ಹೋದ್ರೆ ಹಲ್ಲಿನ ಸಾಲು ಶುರು, ಕೆಳದವಡೆಯಲ್ಲಿ ಒಂದೊಂದು ಬದಿಗೆ ಸುಮಾರು ಇಪ್ಪತ್ತು, ಕೆಲವೇ ಮಿಲಿಮೀಟರ್ ಗಾತ್ರ, ಒಂದೊಂದೂ ತನ್ನದೇ ಗುಳಿಯಲ್ಲಿ ಬೇರು ಬಿಟ್ಟು ಕೂತಿದೆ. ಹೆಸ್ಪರೋರ್ನಿಸ್ ಹಲ್ಲುಗಳು ಹೀಗಲ್ಲ, ಅವು ಒಂದೇ ಉದ್ದ ಕಾಲುವೆಯಲ್ಲಿ ಸಾಲಾಗಿ ಕೂತಿರ್ತವೆ. ಇನ್ನೂ ಹಿಂದೆ ಕಣ್ಣು ದಾಟಿ ಬಂದ್ರೆ ದವಡೆ ಮುಚ್ಚೋ ಸ್ನಾಯುವಿಗೆ ದೊಡ್ಡ ಕಿಂಡಿ, ಅದನ್ನ ಸುತ್ತುವರಿದ ದಪ್ಪ ಮೂಳೆ, ಇದು ಹಕ್ಕಿ ತರ ಅಲ್ವೇ ಅಲ್ಲ, ನೇರ ಮಾಂಸಾಹಾರಿ ಡೈನೋಸಾರ್‌ಗಳ ತಲೆಯ ವಿನ್ಯಾಸ, ಕಚ್ಚಿದ್ರೆ ಬಿಗಿ ಹಿಡಿತ. ಮತ್ತೆ ಅದೇ ತಲೆಯಲ್ಲಿ ಮೇಲ್ದವಡೆಯನ್ನ ಕೆಳದವಡೆಯಿಂದ ಬೇರೆಯಾಗಿ ಎತ್ತಿ ಇಳಿಸೋ ವ್ಯವಸ್ಥೆ, ಗಿಳಿ ಕೊಕ್ಕು ತೆರೆಯುವಾಗ ನೋಡಿದ್ರೆ ಮೇಲಿನ ಕೊಕ್ಕೂ ಅಲ್ಲಾಡುತ್ತಲ್ಲ, ಆ ಗುಣ.

ಇದನ್ನೆಲ್ಲ ಸೇರಿಸಿ ಓದಿದ್ರೆ ಕೊಕ್ಕು ಯಾಕೆ ಬಂತು ಅನ್ನೋದಕ್ಕೂ ಒಂದು ಉತ್ತರ ಸಿಗುತ್ತೆ. ಕೈ ರೆಕ್ಕೆ ಆಗಿಹೋದ ಮೇಲೆ ಹಿಡಿಯೋಕೆ, ಹೆಕ್ಕೋಕೆ, ಪುಕ್ಕ ಒಪ್ಪ ಮಾಡ್ಕೊಳೋಕೆ ಕೈ ಇಲ್ಲ, ಆ ಕೆಲಸ ಬಾಯಿ ತುದಿಗೆ ಬಂತು, ಚಿಮುಟದ ಹಾಗೆ ನಾಜೂಕಾಗಿ ಹಿಡಿಯೋ ತುದಿ, ಹಿಂದೆ ಜಾರೋ ಮೀನನ್ನ ಬಿಡದ ಹಲ್ಲು, ಅದಕ್ಕೂ ಹಿಂದೆ ಬಲವಾದ ಸ್ನಾಯು. ಫೀಲ್ಡ್ ಮತ್ತು ಭುಲ್ಲರ್ ತಂಡದ ವಾದ ಇದು, ನನಗಂತೂ ಒಪ್ಪಿಗೆ ಆಗುತ್ತೆ, ಯಾಕಂದ್ರೆ ಕೊಕ್ಕು ಬರೋಕೆ ಮೊದಲು ಹಲ್ಲೆಲ್ಲಾ ಉದುರಬೇಕಿತ್ತು ಅನ್ನೋ ಲೆಕ್ಕ ಇಲ್ಲಿ ಸುಳ್ಳಾಗುತ್ತೆ, ಎರಡೂ ಒಂದೇ ಬಾಯಲ್ಲಿ ಒಟ್ಟಿಗೆ ಕೆಲಸ ಮಾಡ್ಕೊಂಡಿದ್ವು.

ಕತ್ತಿಂದ ಕೆಳಗೆ ಬನ್ನಿ, ಕತೆಯೇ ಬೇರೆ. ಪಾರಿವಾಳದ ಆಸುಪಾಸಿನ ಗಾತ್ರ, ಉದ್ದ ರೆಕ್ಕೆ, ಇವತ್ತಿನ ಕಡಲ ರೀವಗಳ ತರ ನೀರ ಮೇಲೆ ದೂರ ದೂರ ಹಾರಿ ಮೀನು ಹಿಡೀತಿದ್ದಿರಬೇಕು. 2022ರಲ್ಲಿ ಹ್ವಾನ್ ಬೆನಿಟೋ ಮತ್ತು ಜೊತೆಗಾರರು ನಲವತ್ತು ಹೊಸ ಮಾದರಿಗಳನ್ನ ಸ್ಕ್ಯಾನ್ ಮಾಡಿ ವಿವರಿಸಿದ ಮೇಲೆ ಅಂತೂ ಈ ಮೈಯ ಪ್ರತಿ ಮೂಳೆಯ ವಿವರ ಸಿಕ್ಕಿದೆ, ಎದೆಮೂಳೆಯ ಏಣು, ಭುಜದ ಕೀಲು, ಬಾಲದ ತುದಿಯಲ್ಲಿ ಮೂಳೆಗಳು ಬೆಸೆದ ಮೋಟು, ಎಲ್ಲಾ ಹೆಚ್ಚುಕಮ್ಮಿ ಇವತ್ತಿನ ಹಕ್ಕಿಯದ್ದೇ. ಮಾರ್ಷ್ ಮತ್ತು ಗ್ರೆಗರಿ ಇಬ್ಬರೂ ಯಾಕೆ ಎಡವಿದ್ರು ಅಂತ ಈಗ ಗೊತ್ತಾಗುತ್ತೆ. ಮೈ ನೋಡಿದವರಿಗೆ ಹಕ್ಕಿ ಕಾಣ್ತಿತ್ತು, ದವಡೆ ನೋಡಿದವರಿಗೆ ಸರೀಸೃಪ ಕಾಣ್ತಿತ್ತು, ಎರಡೂ ಸರಿಯೇ. ವಿಕಾಸ ಅಂದ್ರೆ ಇಡೀ ಪ್ರಾಣಿ ಒಟ್ಟಿಗೆ ಸ್ವಲ್ಪ ಸ್ವಲ್ಪ ಬದಲಾಗ್ತಾ ಹೋಗೋದು ಅಂತ ನಾವು ಅಂದ್ಕೊಳ್ತೀವಿ, ಆ ಲೆಕ್ಕದಲ್ಲಿ ಅರ್ಧ ಹಕ್ಕಿಗೆ ಅರ್ಧ ರೆಕ್ಕೆ ಅರ್ಧ ಕೊಕ್ಕು ಇರ್ಬೇಕು. ಇಲ್ಲಿ ಹಾಗಲ್ಲ. ರೆಕ್ಕೆಯ ಕೆಲಸ ಮೊದಲೇ ಮುಗಿದಿತ್ತು, ತಲೆಯ ಹಿಂಭಾಗ ಇನ್ನೂ ಡೈನೋಸಾರ್ ಕಾಲದಲ್ಲೇ ಇತ್ತು, ಒಂದೊಂದು ಅಂಗಕ್ಕೂ ಅದರದ್ದೇ ವೇಗ.

ಹಲ್ಲು ಪೂರ್ತಿ ಹೋದದ್ದು ಯಾವಾಗ ಅನ್ನೋದಕ್ಕೆ ಸಾಕ್ಷಿ ಕಲ್ಲಲ್ಲಿ ಅಷ್ಟೇ ಅಲ್ಲ, ಬದುಕಿರೋ ಹಕ್ಕಿಗಳ ಒಳಗೂ ಇದೆ. 2014ರಲ್ಲಿ 48 ಜಾತಿ ಹಕ್ಕಿಗಳ ಜೀನೋಮ್ ಹೋಲಿಸಿ ನೋಡಿದಾಗ ಹಲ್ಲಿನ ಎನಾಮೆಲ್ ಮತ್ತು ಡೆಂಟಿನ್ ಮಾಡೋ ಜೀನ್‌ಗಳು ಕೆಟ್ಟು ಕೂತಿದ್ವು, ಬೇರೆ ಬೇರೆ ಹಕ್ಕಿಗಳಲ್ಲೂ ಅದೇ ಜಾಗದಲ್ಲಿ ಅದೇ ತರದ ಕೆಡುಕು ಸಿಕ್ತು, ಅಂದ್ರೆ ಹಲ್ಲು ಹೋದದ್ದು ಇವುಗಳೆಲ್ಲದರ ಪೂರ್ವಜನಲ್ಲಿ, ಒಂದೇ ಸಲ. ಅದಕ್ಕೂ ಮೊದಲು, 2006ರಲ್ಲಿ, ಟಾಲ್ಪಿಡ್ ಅನ್ನೋ ಒಂದು ರೂಪಾಂತರ ಇರೋ ಕೋಳಿ ಭ್ರೂಣಗಳ ದವಡೆಯಲ್ಲಿ ಹಲ್ಲಿನ ಮೊಳಕೆ ತರದ್ದು ಮೂಡೋದನ್ನ ಮ್ಯಾಥ್ಯೂ ಹ್ಯಾರಿಸ್ ಮತ್ತು ಜೊತೆಗಾರರು ತೋರಿಸಿದ್ರು, ಮೊಸಳೆ ಮರಿಯ ಮೊದಲ ಹಲ್ಲಿನ ಆಕಾರದಲ್ಲೇ. ಆ ಮರಿಗಳು ಮೊಟ್ಟೆ ಒಡೆದು ಬರೋಷ್ಟು ಬದುಕಲ್ಲ. ಎನಾಮೆಲ್ ಮಾಡೋ ಸಾಮಾನು ಕೆಟ್ಟಿದೆ, ಆದ್ರೆ ಹಲ್ಲು ಮೊಳೆಯಲಿ ಅನ್ನೋ ಮೊದಲ ಸೂಚನೆ ಇನ್ನೂ ಪೂರ್ತಿ ಅಳಿಸಿಲ್ಲ, ನಮ್ಮನೆ ಹಿತ್ತಲ ಕೋಳಿಯಲ್ಲೂ.

ಪ್ರಕರಣ ಇನ್ನೂ ಮುಗಿದಿಲ್ಲ, ಈಗ ಜಗಳ ಇರೋದು ಮಿದುಳಿನ ಮೇಲೆ, ಅಂಗುಳದ ಹಳೇ ಪಾಠವೂ ಬದಲಾಗ್ತಿದೆ. 2018ರ ತಂಡ ಮಿದುಳು ಸಾಕಷ್ಟು ಇವತ್ತಿನ ಹಕ್ಕಿಯ ಹಾಗಿತ್ತು ಅಂದಿತ್ತು. 2021ರಲ್ಲಿ ಕ್ರಿಸ್ಟೋಫರ್ ಟಾರೆಸ್, ಮಾರ್ಕ್ ನೊರೆಲ್ ಮತ್ತು ಜೂಲಿಯಾ ಕ್ಲಾರ್ಕ್ ಇನ್ನೊಂದು ಚೆನ್ನಾಗಿ ಉಳಿದ ಬುರುಡೆ ತಗೊಂಡು ಮಿದುಳಿನ ಅಚ್ಚು ತೆಗೆದು ನೋಡಿ ಇಲ್ಲ, ಇದು ಆರ್ಕಿಯಾಪ್ಟೆರಿಕ್ಸ್ ಮಿದುಳಿಗೇ ಹೆಚ್ಚು ಹತ್ತಿರ ಅಂದ್ರು. ಅವರು ಅಲ್ಲಿಗೇ ನಿಲ್ಲಿಸಲಿಲ್ಲ, 6.6 ಕೋಟಿ ವರ್ಷದ ಹಿಂದಿನ ಮಹಾವಿನಾಶದಲ್ಲಿ ಹಲ್ಲಿನ ಹಕ್ಕಿಗಳ ಬಳಗ ಪೂರ್ತಿ ನಾಶ ಆಗಿ ಇವತ್ತಿನ ಹಕ್ಕಿಗಳ ಪೂರ್ವಜರು ಮಾತ್ರ ಬದುಕಿದ್ದಕ್ಕೆ ಅವುಗಳ ದೊಡ್ಡ ಮುಂಮಿದುಳೂ ಒಂದು ಕಾರಣ ಇರಬಹುದು ಅಂತ ವಾದ ಇಟ್ರು. ಒಳ್ಳೇ ವಾದ, ಆದ್ರೆ ಅಂಥ ದೊಡ್ಡ ಮಾತಿಗೆ ಕೆಲವೇ ಬುರುಡೆಗಳ ಆಧಾರ ಸಾಲದು ಅಂತ ನನಗೆ ಅನ್ಸುತ್ತೆ, ಆ ಕಾಲದ ಇನ್ನಷ್ಟು ಹಕ್ಕಿ ತಲೆಗಳು ಬೇಕು.

ಅಂಗುಳದ ವಿಷಯದಲ್ಲಿ ಅಂಥದ್ದೊಂದು ಬಂತು ಕೂಡ, ಅದು ಅಮೆರಿಕಾದಿಂದ ಅಲ್ಲ, ಬೆಲ್ಜಿಯಂನಿಂದ. ಅಲ್ಲಿನ ಒಂದು ಗಣಿಯಲ್ಲಿ ಸಿಕ್ಕಿ 2002ರಲ್ಲೇ ಒಮ್ಮೆ ವಿವರಿಸಿಟ್ಟಿದ್ದ ಹಕ್ಕಿಯನ್ನ ಬೆನಿಟೋ, ಫೀಲ್ಡ್ ತಂಡ ಮತ್ತೆ ಸ್ಕ್ಯಾನ್ ಮಾಡಿ 2022ರಲ್ಲಿ ಜಾನಾವಿಸ್ ಅಂತ ಹೆಸರಿಟ್ಟಿತು. ಇದು ಇಕ್ಥಿಯೋರ್ನಿಸ್‌ನ ದಾಯಾದಿ, ಹಲ್ಲಿತ್ತು, ಗಾತ್ರದಲ್ಲಿ ಬಹಳ ದೊಡ್ಡದು, ಮಹಾವಿನಾಶಕ್ಕೆ ಸ್ವಲ್ಪವೇ ಮುಂಚೆ ಬದುಕಿದ್ದದ್ದು. ಭುಜದ್ದು ಅಂದ್ಕೊಂಡಿದ್ದ ಎರಡು ತುಂಡು ಒಂದಕ್ಕೊಂದು ಕೂಡಿ ಒಂದೇ ಮೂಳೆ ಆಯ್ತು, ನೋಡಿದ್ರೆ ಅದು ಅಂಗುಳದ ಮೂಳೆ, ಅದೂ ಕೋಳಿ ಬಾತುಕೋಳಿಗಳಲ್ಲಿ ಇರೋ ತರದ್ದು, ಅಲ್ಲಾಡೋ ಅಂಗುಳದ್ದು. ಹಕ್ಕಿಗಳ ಅಂಗುಳ ನೋಡಿ ವರ್ಗ ಮಾಡೋ ಕ್ರಮ 1867ರಲ್ಲಿ ಥಾಮಸ್ ಹಕ್ಸ್‌ಲಿ ಶುರು ಮಾಡಿದ್ದು, ಉಷ್ಟ್ರಪಕ್ಷಿ ಗುಂಪಿನ ಬಿಗಿಯಾಗಿ ಬೆಸೆದ ಅಂಗುಳ ಹಳೇದು, ಉಳಿದ ಹಕ್ಕಿಗಳ ಅಲ್ಲಾಡೋ ಅಂಗುಳ ಆಮೇಲೆ ಬಂದದ್ದು ಅಂತಲೇ ಅಲ್ಲಿಂದ ಇಲ್ಲಿವರೆಗೆ ಪಾಠ ಆಗಿತ್ತು. ಜಾನಾವಿಸ್ ಮೂಳೆ ಪ್ರಕಾರ ಅದು ತಲೆಕೆಳಗು, ಅಲ್ಲಾಡೋದೇ ಹಳೇದು, ಉಷ್ಟ್ರಪಕ್ಷಿಗಳಲ್ಲಿ ಅದು ಆಮೇಲೆ ಬೆಸೆದುಕೊಂಡಿದೆ. ಟಾರೆಸ್ ತಂಡವೂ 2021ರಲ್ಲೇ ಇಕ್ಥಿಯೋರ್ನಿಸ್ ಅಂಗುಳ ಬೆಸೆದುಕೊಳ್ಳದೆ ಬಿಡಿಬಿಡಿ ಭಾಗಗಳಾಗಿತ್ತು, ಇವತ್ತಿನ ಹಕ್ಕಿಗಳೊಳಗೇ ಆಮೇಲೆ ಹುಟ್ಟಿದ್ದು ಅಂದ್ಕೊಂಡಿದ್ದ ಗುಣ ಅದಕ್ಕೂ ಮೊದಲೇ ಇತ್ತು ಅಂತ ಹೇಳಿತ್ತು.